ಸಗಟು ಸಹಿ: ಸರಕಾರಿ ಅಧಿಕಾರಿಯ ಗಣಕ ರುಜುವನ್ನು ಕುರಿತು

(ಹ್ಯಾರೋದಲ್ಲಿ ಸೇರಿದ್ದ ನಮ್ಮ ಕೂಟದ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂತಹ ವೇದಿಕೆಗೆ ಬರುವ ಅತಿಥಿಗಳು ಸಾಮಾನ್ಯವಾಗಿ ಕುಮಾರವ್ಯಾಸನನ್ನೋ ದಾಸಸಾಹಿತ್ಯವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಆರಿಸಿಕೊಂಡಿರುವ ವಿಷಯ ಕೇಳುವುದಕ್ಕೆ ಶುಷ್ಕವಾದುದು. ತಾಲ್ಲೂಕು ಕಚೇರಿಯ ಅಧಿಕಾರಿಯೊಬ್ಬನು ಒಂದೇ ದಿನದಲ್ಲಿ ಮುನ್ನೂರು ಪ್ರಮಾಣಪತ್ರಗಳಿಗೆ ಗಣಕಯಂತ್ರದ ಮೂಲಕ ಸಹಿ ಹಾಕಬೇಕಾದಾಗ ಅವನ ಕೈಗೆ ಎಂತಹ ಸಾಧನವನ್ನು ಕೊಡಬೇಕು ಎಂಬುದು ಆ ವಿಷಯ. ಶುಷ್ಕವೆಂದರೂ ಇಲ್ಲಿ ಕುಳಿತಿರುವವರಲ್ಲಿ ಇದಕ್ಕೆ ಸಂಬಂಧಪಡದ ಮನೆ ಇರಲಾರದು. ಹ್ಯಾರೋ, ಪಿನ್ನರ್, ಸ್ಟ್ಯಾನ್‌ಮೋರ್, ವೆಂಬ್ಲಿಗಳ ನಮ್ಮ ಮನೆಗಳ ಬೀರುಗಳಲ್ಲಿ ಊರಿನ ಜಮೀನಿನ ಪಹಣಿ, ಬೆಂಗಳೂರಿನ ನಿವೇಶನದ ಖಾತಾ, ತಂದೆಯವರ ವಂಶವೃಕ್ಷ ಪತ್ರ, ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಅದರ ಬೆಲೆಯೆಲ್ಲ ಕೆಳಗಿನ ಮೂಲೆಯಲ್ಲಿರುವ ಒಂದು ಸಹಿಯಲ್ಲಿದೆ. ಆ ಸಹಿಯನ್ನು ಹಾಕುವ ಯಂತ್ರವನ್ನು ರಚಿಸುವ ಕೆಲಸದಲ್ಲಿ ನಾವು ಕೆಲವು ವರ್ಷ ತೊಡಗಿದ್ದೆವು. ಅಲ್ಲಿ ಕಲಿತದ್ದನ್ನೂ ಎಡವಿದ್ದನ್ನೂ ನಿಮ್ಮ ಮುಂದಿಡುತ್ತೇವೆ.

ಮೊದಲು ಶಬ್ದಗಳಿಂದ ಆರಂಭಿಸೋಣ. 'ಸಹಿ' ಎಂಬುದು ಅರಬ್ಬಿಯಿಂದ ಬಂದ ಮಾತು. 'ಸರಿಯಾಗಿದೆ' ಎಂಬುದೇ ಅದರ ಮೂಲಾರ್ಥ. ಅಂದರೆ ಸಹಿ ಹಾಕುವವನು ತನ್ನ ಹೆಸರನ್ನು ಬರೆಯುವುದರ ಜೊತೆಗೆ 'ಇದು ಸರಿ' ಎಂದು ಹೇಳುತ್ತಿದ್ದಾನೆ. 'ರುಜು' ಎಂಬುದರ ಪಕ್ಕದಲ್ಲಿಯೇ 'ರುಜುವಾತು' ಇದೆ, ಅಂದರೆ ಸಾಕ್ಷ್ಯ. ನಮ್ಮ ಶಾಸನಗಳಲ್ಲಿ ಇದೇ ಅರ್ಥಕ್ಕೆ 'ಒಪ್ಪ' ಎಂಬ ಅಚ್ಚಗನ್ನಡದ ಮಾತು ಬರುತ್ತದೆ. ವಿಜಯನಗರದ ಅರಸರ ತಾಮ್ರಪಟಗಳನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಶಾಸನದ ಒಡಲೆಲ್ಲ ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಅಂಕಿತ ಮಾತ್ರ ಕನ್ನಡದ ದಪ್ಪ ಅಕ್ಷರಗಳಲ್ಲಿರುತ್ತದೆ. ಅದು ಅರಸನ ಸ್ವಂತ ಹೆಸರಲ್ಲ. ತಲೆಮಾರುಗಳು ಬದಲಾದರೂ ಅಂಕಿತ ಬಹುಕಾಲ ಬದಲಾಗಲಿಲ್ಲ. ಸಹಿಯು ವ್ಯಕ್ತಿಯದೋ ಪೀಠದ್ದೋ ಎಂಬ ಪ್ರಶ್ನೆ ಅಷ್ಟು ಹಳೆಯದು. ಇದನ್ನು ನೆನಪಿನಲ್ಲಿಡಿ, ಮತ್ತೆ ಬೇಕಾಗುತ್ತದೆ.

ಗಣಕ ಸಹಿ ಎಂದೊಡನೆ ಕಾಗದದ ಮೇಲಿನ ಸಹಿಯ ಚಿತ್ರವನ್ನು ತೆಗೆದು ಅಂಟಿಸುವುದೆಂದು ಅನೇಕರು ಭಾವಿಸುತ್ತಾರೆ. ಅದು ಬರಿಯ ಚಿತ್ರ. ಅದಕ್ಕೆ ರಬ್ಬರ್ ಮೊಹರಿನಷ್ಟು ಬೆಲೆಯೂ ಇಲ್ಲ. ನಿಜವಾದ ಗಣಕ ಸಹಿಯ ಕ್ರಮ ಬೇರೆ. ಕಡತದಲ್ಲಿರುವ ಸಮಸ್ತ ಸಂಕೇತಗಳನ್ನೂ ಒಂದು ಗಣಿತ ವಿಧಾನಕ್ಕೆ ಒಡ್ಡಿದರೆ ನಿಶ್ಚಿತ ಉದ್ದದ ಒಂದು ಸಂಖ್ಯೆ ಹೊರಬರುತ್ತದೆ. ಅದನ್ನು ನಾವು ಸಾರಸಂಖ್ಯೆ ಎಂದು ಕರೆಯೋಣ. ಇಂದು ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ, ಕಡತ ಒಂದು ಪುಟದ್ದಾಗಿರಲಿ ಸಾವಿರ ಪುಟದ್ದಾಗಿರಲಿ, ಸಾರಸಂಖ್ಯೆಯ ಉದ್ದ 256 ಬಿಟ್‌ಗಳು ಮಾತ್ರ. ಆದರೆ ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಂಖ್ಯೆ ಗುರುತು ಸಿಗದಂತೆ ಬದಲಾಗಿಬಿಡುತ್ತದೆ. ಅಧಿಕಾರಿಯ ಬಳಿ ಒಂದಕ್ಕೊಂದು ಜೋಡಿಯಾದ ಎರಡು ಕೀಲಿಗಳಿರುತ್ತವೆ. ಗುಪ್ತ ಕೀಲಿಯಿಂದ ಅವನು ಸಾರಸಂಖ್ಯೆಯನ್ನು ಮುದ್ರೆಯೊತ್ತುತ್ತಾನೆ. ಬಹಿರಂಗ ಕೀಲಿಯಿಂದ ಲೋಕದಲ್ಲಿ ಯಾರು ಬೇಕಾದರೂ ಆ ಮುದ್ರೆಯನ್ನು ಪರೀಕ್ಷಿಸಬಹುದು, ಆದರೆ ಅದರಿಂದ ಹೊಸ ಮುದ್ರೆಯನ್ನು ಒತ್ತಲಾಗದು.

ಈ ಜೋಡಿ ಕೀಲಿಗಳ ಗಣಿತದಲ್ಲಿ ಈ ದೇಶಕ್ಕೂ ಒಂದು ಪಾಲಿದೆ. 1977ರಲ್ಲಿ ಅಮೆರಿಕದ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದನ್ನು ಕಂಡುಕೊಂಡರೆಂದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇತ್ತು. 1997ರ ಡಿಸೆಂಬರಿನಲ್ಲಿ ಬಹಿರಂಗವಾದ ಸಂಗತಿಯೆಂದರೆ, ಚೆಲ್ಟೆನ್‌ಹ್ಯಾಮಿನ ಸರಕಾರಿ ಗುಪ್ತಸಂವಹನ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ ಎಂಬ ತರುಣ ಗಣಿತಜ್ಞ 1973ರಲ್ಲಿಯೇ ಅದೇ ವಿಧಾನವನ್ನು ಕಂಡುಹಿಡಿದಿದ್ದರು. ರಹಸ್ಯದ ಕಟ್ಟುಪಾಡಿನಿಂದ ಹೊರಗೆ ಹೇಳುವಂತಿರಲಿಲ್ಲ. ಮುಚ್ಚಿಡುವ ವಿದ್ಯೆಯೇ ಮುಚ್ಚಿಹೋಗಿದ್ದುದು ಒಂದು ವಿನೋದ.

ಭಾರತದಲ್ಲಿ ಇಂತಹ ಸಹಿಗೆ ಕಾಯಿದೆಯ ಮಾನ್ಯತೆ ದೊರೆತದ್ದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಿಂದ. ಅದು ಆ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂತು. ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂವಹನ ಕಾಯಿದೆಯೂ ಅದೇ ವರ್ಷದ್ದು. ಭಾರತದ ಕ್ರಮದಲ್ಲಿ ಪ್ರಮಾಣೀಕರಣ ಪ್ರಾಧಿಕಾರಗಳು ಅರ್ಜಿದಾರನ ಗುರುತನ್ನು ಪರಿಶೀಲಿಸಿ, 'ಈ ಬಹಿರಂಗ ಕೀಲಿ ಇಂಥವರದು' ಎಂಬ ಪತ್ರವನ್ನು ಕೊಡುತ್ತವೆ. ಆ ಪ್ರಾಧಿಕಾರಗಳ ಮೇಲೆ ಕೇಂದ್ರ ಸರಕಾರದ ನಿಯಂತ್ರಕರಿದ್ದಾರೆ. ಅಧಿಕಾರಿಯ ಗುಪ್ತ ಕೀಲಿ ಪೆನ್‌ಡ್ರೈವ್‌ನಂತೆ ಕಾಣುವ ಒಂದು ಟೋಕನ್ನಿನೊಳಗೆ ಇರುತ್ತದೆ. ಅದು ಅಲ್ಲಿಂದ ಹೊರಗೆ ಬರುವುದೇ ಇಲ್ಲ. ಪಿನ್ ಸಂಖ್ಯೆ ಒತ್ತಿದಾಗ ಸಹಿ ಒಳಗೇ ತಯಾರಾಗಿ ಹೊರಗೆ ಬರುತ್ತದೆ.

ಇನ್ನು ಕರ್ನಾಟಕಕ್ಕೆ ಬರೋಣ. ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವ ಇತಿಹಾಸವಿದೆ. ಕಂದಾಯ ಇಲಾಖೆಯ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆಗಿನ 177 ತಾಲ್ಲೂಕುಗಳಲ್ಲಿಯೂ ಕೇಂದ್ರಗಳು ತೆರೆದವು. ಅದುವರೆಗೆ ಗ್ರಾಮಲೆಕ್ಕಿಗನ ಕೈಬರಹದಲ್ಲಿ, ಅವನ ಬಿಡುವಿಗೆ ಕಾದು, ಕೈಬಿಸಿ ಮಾಡಿ ಪಡೆಯಬೇಕಾಗಿದ್ದ ಪಹಣಿ 15 ರೂಪಾಯಿಗೆ ಕಿಟಕಿಯಲ್ಲಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಾಯಿತು. ಆ ವ್ಯವಸ್ಥೆಯೊಳಗೆ ನೌಕರನು ಪ್ರವೇಶಿಸಬೇಕಾದರೆ ಬೆರಳ ಗುರುತನ್ನು ಕೊಡಬೇಕಾಗಿತ್ತು. ತಲೆತಲಾಂತರದಿಂದ ರೈತನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಕಚೇರಿಯಲ್ಲಿ ಕೊನೆಗೆ ಕಚೇರಿಯವನೇ ಬೆರಳೊತ್ತಬೇಕಾಗಿ ಬಂತು!

ಪಹಣಿಯಾದ ಮೇಲೆ ಜಾತಿ, ಆದಾಯ, ವಾಸಸ್ಥಳ ಮೊದಲಾದ ಪತ್ರಗಳ ಸರದಿ. ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ ಅರ್ಜಿ ಪಡೆದು, ಗ್ರಾಮಲೆಕ್ಕಿಗರ ಮತ್ತು ಕಂದಾಯ ನಿರೀಕ್ಷಕರ ವರದಿ ತರಿಸಿ, ಉಪ ತಹಶೀಲ್ದಾರರೋ ತಹಶೀಲ್ದಾರರೋ ಗಣಕ ಸಹಿ ಮಾಡಿ ಕೊಡುವ ಪದ್ಧತಿ ನೆಲೆಗೊಂಡಿತು. 2012ರಿಂದ ಈ ಕೇಂದ್ರಗಳಿಗೆ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೆಂದು ಹೆಸರು. ಪತ್ರದ ಮೇಲಿರುವ 'ಆರ್‌ಡಿ' ಎಂದು ಮೊದಲಾಗುವ ಸಂಖ್ಯೆಯನ್ನು ಕಾಲೇಜಿನವರೂ ಪರೀಕ್ಷಾ ಪ್ರಾಧಿಕಾರದವರೂ ಕೇಳಿ, ಅದರಿಂದಲೇ ಪತ್ರವನ್ನು ತಾಳೆ ನೋಡುತ್ತಾರೆ. ಅದೇ 2012ರ ಏಪ್ರಿಲ್ 2ರಿಂದ 'ಸಕಾಲ' ಕಾಯಿದೆಯೂ ಜಾರಿಯಲ್ಲಿದೆ. ನಿಗದಿತ ದಿನದೊಳಗೆ ಸೇವೆ ದೊರೆಯದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದು ತಡಮಾಡಿದ ನೌಕರನ ಜೇಬಿಗೆ ಬೀಳುವ ಹೊರೆ. ಮೊತ್ತ ಸಣ್ಣದು, ಆದರೆ ಬಾಕಿ ಅರ್ಜಿಗಳ ಪಟ್ಟಿ ಮೇಲಧಿಕಾರಿಯ ಕಣ್ಣೆದುರಿಗೆ ಪ್ರತಿದಿನ ಇರುತ್ತದೆಂಬ ಭಯ ದೊಡ್ಡದು.

ಈಗ ಲೆಕ್ಕ ಹಾಕಿ. ಮೇ-ಜೂನ್ ತಿಂಗಳು. ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಎಲ್ಲಕ್ಕೂ ಜಾತಿ-ಆದಾಯ ಪತ್ರ ಬೇಕು. ನಾವು ಹೋಗಿ ಕುಳಿತಿದ್ದ ಕಚೇರಿಯಲ್ಲಿ ಒಂದು ದಿನ ಸಹಿಗೆ ಕಾದಿದ್ದ ಪತ್ರಗಳು 312. ಕಡತ ತೆರೆದು, ಪಿನ್ ಒತ್ತಿ, ಟೋಕನ್ ಕೆಲಸ ಮುಗಿಸುವತನಕ ಕಾದು, ಮುಂದಿನದಕ್ಕೆ ಹೋಗಲು ಒಂದೊಂದಕ್ಕೆ 15 ಸೆಕೆಂಡು ಹಿಡಿದರೂ 78 ನಿಮಿಷ. ಅದೂ ಓದದೆ. ಓದಿದರೆ ದಿನವೇ ಸಾಲದು. ಇದರ ನಡುವೆ ಜಮಾಬಂದಿ, ಸಭೆ, ಬರ ಪರಿಹಾರ, ಚುನಾವಣೆ. ಪರಿಣಾಮವನ್ನು ನೀವೇ ಊಹಿಸಬಹುದು. ಟೋಕನ್ ಗಣಕ ನಿರ್ವಾಹಕ ಹುಡುಗನ ಮೇಜಿನ ಡ್ರಾಯರಿನಲ್ಲಿತ್ತು, ಪಿನ್ ಸಂಖ್ಯೆ ಒಂದು ಚೀಟಿಯಲ್ಲಿ ಕೀಲಿಮಣೆಯ ಅಡಿಯಲ್ಲಿತ್ತು. ಗಣಿತಜ್ಞರು ಶತಕೋಟಿ ವರ್ಷ ಪ್ರಯತ್ನಿಸಿದರೂ ಒಡೆಯಲಾಗದೆಂದು ಲೆಕ್ಕ ಹಾಕಿದ ಬೀಗ, ಕೀಲಿಯನ್ನು ಬಾಗಿಲಿಗೇ ನೇತುಹಾಕಿದ್ದರಿಂದ ತೆರೆದಿತ್ತು. ಆ ಅಧಿಕಾರಿಯನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಅವರಿಗೆ ಕೊಟ್ಟಿದ್ದ ಸಾಧನವೇ ಅವರನ್ನು ಅಲ್ಲಿಗೆ ತಳ್ಳಿತ್ತು. ಕಾಯಿದೆಯ ಕಣ್ಣಿಗೆ ಮಾತ್ರ ಆ ಹುಡುಗ ಹಾಕಿದ ಪ್ರತಿಯೊಂದು ಸಹಿಯೂ ಅಧಿಕಾರಿಯದೇ. ನಾಳೆ ಒಂದು ಪತ್ರ ಸುಳ್ಳೆಂದಾದರೆ ನಿಲ್ಲಬೇಕಾದವರು ಅವರು.

ಆದುದರಿಂದ ಸಗಟು ಸಹಿಯ ಸಾಧನ ಬೇಕೇ ಬೇಕು. ಒಮ್ಮೆ ಪಿನ್ ಒತ್ತಿದರೆ ಒಂದು ಕಟ್ಟಿನಷ್ಟು ಪತ್ರಗಳಿಗೆ ಸಹಿ ಬೀಳಬೇಕು. ಪ್ರಶ್ನೆ ಇರುವುದು ಅಧಿಕಾರಿ ಆಗ ಏನನ್ನು 'ಸರಿ' ಎನ್ನುತ್ತಿದ್ದಾನೆ ಎಂಬುದರಲ್ಲಿ.

ಇಂಗ್ಲೆಂಡಿನ ನ್ಯಾಯಾಲಯ 1954ರಲ್ಲಿ ಇಂತಹುದೇ ಪ್ರಶ್ನೆಯನ್ನು ಎದುರಿಸಿತ್ತು. ಗುಡ್‌ಮನ್ ಮೊಕದ್ದಮೆ ಎಂದು ಅದಕ್ಕೆ ಹೆಸರು. ವಕೀಲರೊಬ್ಬರು ತಮ್ಮ ಬಿಲ್ಲಿನ ಜೊತೆಗಿನ ಪತ್ರಕ್ಕೆ ಕೈಯಿಂದ ಸಹಿ ಮಾಡದೆ, ಸಹಿಯ ಅಚ್ಚಿರುವ ರಬ್ಬರ್ ಮೊಹರನ್ನು ಒತ್ತಿದ್ದರು. ಅದು ಸಹಿಯೇ ಹೌದು ಎಂದು ಇಬ್ಬರು ನ್ಯಾಯಾಧೀಶರು ತೀರ್ಮಾನಿಸಿದರು. ಮೂರನೆಯವರಾದ ಲಾರ್ಡ್ ಡೆನ್ನಿಂಗ್ ಒಪ್ಪಲಿಲ್ಲ. ಮೊಹರನ್ನು ಯಾರು ಬೇಕಾದರೂ ಒತ್ತಬಹುದಾದುದರಿಂದ, ಪತ್ರದ ಕಡೆಗೆ ಸ್ವತಃ ಗಮನವಿತ್ತಿದ್ದೇನೆಂಬ ಭರವಸೆ ಅದರಿಂದ ದೊರೆಯದೆಂಬುದು ಅವರ ವಾದದ ತಿರುಳು. ಕಾಯಿದೆ ಬಹುಮತದ ಕಡೆಗಿದೆ. ಆದರೆ ತಾಲ್ಲೂಕು ಕಚೇರಿಯ ಆ ಡ್ರಾಯರನ್ನು ಕಂಡಂದಿನಿಂದ ನಮ್ಮ ಒಲವು ಡೆನ್ನಿಂಗರ ಕಡೆಗೆ.

ಅಧಿಕಾರಿ ಸಹಿ ಹಾಕುವ ಪತ್ರಗಳಲ್ಲಿ ಎರಡು ಜಾತಿಗಳಿವೆಯೆಂಬುದು ನಮಗೆ ತಡವಾಗಿ ಹೊಳೆಯಿತು. ಪಹಣಿಯ ನಕಲು ದಫ್ತರಿನಲ್ಲಿ ಆಗಲೇ ಇರುವುದರ ಪ್ರತಿ. ಅಲ್ಲಿ ವಿವೇಚನೆಗೆ ಎಡೆಯಿಲ್ಲ. ಯಂತ್ರವೇ ಕಚೇರಿಯ ಮುದ್ರೆಯನ್ನೊತ್ತಿ ಕೊಟ್ಟರೂ ನಷ್ಟವಿಲ್ಲ. ಯುರೋಪಿನ ಒಕ್ಕೂಟ 2014ರ ತನ್ನ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ವ್ಯಕ್ತಿಯದು ಸಹಿ, ಸಂಸ್ಥೆಯದು ಮುದ್ರೆ. ವಿರೂಪಾಕ್ಷನ ಅಂಕಿತದಂತೆ ಅದು ಪೀಠದ್ದು. ಜಾತಿ ಅಥವಾ ಆದಾಯದ ಪತ್ರ ಹಾಗಲ್ಲ. ಅಲ್ಲಿ ಯಾರೋ ಹೋಗಿ ನೋಡಿ, ಯಾರೋ ಶಿಫಾರಸು ಮಾಡಿ, ಕೊನೆಗೆ ಒಬ್ಬರು ನಿರ್ಣಯಿಸುತ್ತಾರೆ. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಯೋಚಿಸಬೇಕಾಗಿಲ್ಲದ ನೂರಾರು ಪತ್ರಗಳ ನಡುವೆ ಯೋಚಿಸಬೇಕಾದ ಪತ್ರ ಹೂತುಹೋಗುತ್ತದೆ.

ನಾವು ಮಾಡಿದ ಮೊದಲ ರಚನೆಯಲ್ಲಿ ಅದೇ ತಪ್ಪಿತ್ತು. ಪರದೆ ತೆರೆದ ಕೂಡಲೇ ಎಲ್ಲ ಪತ್ರಗಳ ಎದುರಿಗೂ ಗುರುತು ಮೊದಲೇ ಬಿದ್ದಿರುತ್ತಿತ್ತು. ಕೆಳಗೆ ಒಂದೇ ದೊಡ್ಡ ಗುಂಡಿ. ಪ್ರಯೋಗದ ದಿನ ಅಧಿಕಾರಿ ಸಂತೋಷದಿಂದ ಒತ್ತಿದರು. ಟೋಕನ್ ಒಂದು ಸಹಿಗೆ ಸುಮಾರು ಒಂದು ಸೆಕೆಂಡು ತೆಗೆದುಕೊಳ್ಳುವುದರಿಂದ, ಕಾಫಿ ಬಂದು ಕುಡಿದು ಮುಗಿಸುವುದರೊಳಗೆ ಎಲ್ಲವೂ ಮುಗಿದಿತ್ತು. ನಾವೂ ಬೀಗಿದೆವು. ಎರಡು ವಾರದ ಮೇಲೆ ತಿಳಿಯಿತು, ಆ ಕಟ್ಟಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಕುಟುಂಬದ ವಾರ್ಷಿಕ ಆದಾಯ 1,20,000 ಇರಬೇಕಾದುದು 12,00,000 ಎಂದು ದಾಖಲಾಗಿತ್ತು. ಬೆರಳಚ್ಚಿನಲ್ಲಿ ಒಂದು ಸೊನ್ನೆ ಹೆಚ್ಚಾದುದರ ಫಲ. ಹುಡುಗಿಗೆ ಶುಲ್ಕ ವಿನಾಯಿತಿ ತಪ್ಪಿತು. ಅವಳ ತಂದೆ ಕೂಲಿ ಬಿಟ್ಟು ಮೂರು ಬಾರಿ ಕಚೇರಿಗೆ ಅಲೆದರು. ಗಣಕದಲ್ಲಿ ಇರುವುದರಿಂದ ತಪ್ಪಿರಲಾರದೆಂದು ಕಿಟಕಿಯಲ್ಲಿದ್ದವರು ಎರಡು ಬಾರಿ ಹಿಂದಕ್ಕೆ ಕಳುಹಿಸಿದರು. ಕಾಗದದ ಕಾಲವಾಗಿದ್ದರೆ ಒಂದು ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಕಿರುಸಹಿ ಮಾಡಿ ಮುಗಿಸಬಹುದಾಗಿತ್ತು. ಗಣಕ ಸಹಿಯ ಕಡತದಲ್ಲಿ ಒಂದು ಚುಕ್ಕೆಯನ್ನು ತಿದ್ದಿದರೂ ಸಹಿ ಮುರಿದುಬೀಳುತ್ತದೆ. ಹಳೆಯದನ್ನು ರದ್ದುಪಡಿಸಿ ಹೊಸ ಸಂಖ್ಯೆಯ ಪತ್ರ ಕೊಡಬೇಕು. ರದ್ದುಪಡಿಸುವ ದಾರಿಯನ್ನು ನಾವು ರಚಿಸಿಯೇ ಇರಲಿಲ್ಲ. ಸಹಿ ಹಾಕುವುದನ್ನಷ್ಟೇ ಯೋಚಿಸಿದ್ದೆವು. ಹುಡುಗಿಗೆ ಕೊನೆಗೆ ವಿನಾಯಿತಿ ದೊರೆಯಿತಾದರೂ ಅವಳು ಬಯಸಿದ್ದ ಕಾಲೇಜಿನ ಸೀಟು ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು.

'ಗಣಕದಲ್ಲಿದೆ, ಆದುದರಿಂದ ಸರಿ' ಎಂಬ ಮಾತಿನ ಬೆಲೆಯನ್ನು ಈ ದೇಶದಲ್ಲಿರುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಚೆ ಇಲಾಖೆಯ 'ಹೊರೈಜನ್' ಲೆಕ್ಕ ವ್ಯವಸ್ಥೆಯ ಸಾಕ್ಷ್ಯವನ್ನು ನಂಬಿ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಪಾಲಕರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಅವರಲ್ಲಿ ಭಾರತೀಯ ಮೂಲದವರು ಎಷ್ಟೋ ಜನ. ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು ಉಚ್ಚ ನ್ಯಾಯಾಲಯ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಆ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದುಪಡಿಸಲು ಸಂಸತ್ತು 2024ರ ಮೇ ತಿಂಗಳಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಗಣಕ ಸಹಿ ಹೇಳುವುದು ಇಷ್ಟೇ: ಈ ಕಡತ ಇಂಥವರ ಕೀಲಿಯಿಂದ ಹೊರಟಿತು, ಹೊರಟ ಮೇಲೆ ಬದಲಾಗಿಲ್ಲ. ಒಳಗಿರುವ ಮಾತು ನಿಜವೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಳ್ಳನ್ನು ಕೂಡ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ.

ಎರಡನೆಯ ರಚನೆಯಲ್ಲಿ ಗುರುತುಗಳನ್ನೆಲ್ಲ ಅಳಿಸಿದೆವು. ಅದೇ ಕುಟುಂಬಕ್ಕೆ ಹಿಂದೆ ಕೊಟ್ಟಿದ್ದ ಪತ್ರದೊಡನೆ ಈಗಿನದನ್ನು ಯಂತ್ರವೇ ಹೋಲಿಸಿ, ಅಂಕಿ ಇಮ್ಮಡಿಗಿಂತ ಹೆಚ್ಚಾಗಿದ್ದರೆ, ಅರ್ಧಕ್ಕಿಂತ ಕಡಿಮೆಯಾಗಿದ್ದರೆ, ಹೆಸರಿನ ಕಾಗುಣಿತ ಬೇರೆಯಾಗಿದ್ದರೆ, ಗ್ರಾಮಲೆಕ್ಕಿಗರ ವರದಿಗೂ ನಿರೀಕ್ಷಕರ ವರದಿಗೂ ತಾಳೆಯಾಗದಿದ್ದರೆ ಅಂಥವನ್ನು ಮುಂದಕ್ಕೆ ತಂದಿಡುವಂತೆ ಮಾಡಿದೆವು. ಅವನ್ನು ಒಂದೊಂದಾಗಿ ತೆರೆದಲ್ಲದೆ ಸಹಿ ಬೀಳದು. ಉಳಿದವು ಐವತ್ತರ ಕಟ್ಟುಗಳಲ್ಲಿ, ಮುಖ್ಯವಾದ ನಾಲ್ಕು ಅಂಕಣಗಳೊಡನೆ, ಹಳೆಯ ರಿಜಿಸ್ಟರಿನಂತೆ ಒಂದೇ ನೋಟಕ್ಕೆ ಕಾಣುತ್ತವೆ. ಅನುಭವವುಳ್ಳ ಅಧಿಕಾರಿಯ ಕಣ್ಣು ಪಟ್ಟಿಯ ಮೇಲೆ ಓಡುವ ವೇಗ ಅಚ್ಚರಿಯದು. ಬಿಡಿಬಿಡಿ ಪತ್ರ ತೆರೆದಾಗ ಕಾಣದ ತಪ್ಪು, ಸಾಲಿನಲ್ಲಿ ನಿಂತಾಗ ಎದ್ದುಕಾಣುತ್ತಿತ್ತು. ಮಧ್ಯೆ ಒಂದು ಅತಿಬುದ್ಧಿಯನ್ನೂ ಮಾಡಿದ್ದೆವು. ಪ್ರತಿ ಪತ್ರವೂ ಐದು ಸೆಕೆಂಡು ಪರದೆಯ ಮೇಲೆ ನಿಲ್ಲಲೇಬೇಕೆಂದು ವಿಧಿಸಿದ್ದೆವು. ಆ ಐದು ಸೆಕೆಂಡಿನಲ್ಲಿ ಅಧಿಕಾರಿಗಳು ಮೊಬೈಲ್ ನೋಡುತ್ತಿದ್ದರು. ಬಲವಂತದಿಂದ ಓದಿಸಲಾಗದೆಂದು ಅರಿತು ಅದನ್ನು ಕಿತ್ತುಹಾಕಿದೆವು.

ಹೊರನೋಟಕ್ಕೆ ಕಾಣದ ಎಚ್ಚರಿಕೆಗಳು ಇನ್ನಷ್ಟಿವೆ. ಅಧಿಕಾರಿ ಕಂಡ ಕಡತವೂ ಸಹಿ ಬೀಳುವ ಕಡತವೂ ಒಂದೇ ಆಗಿರಬೇಕು. ಆದ್ದರಿಂದ ಪರದೆಯ ಮೇಲೆ ಬಂದ ಕ್ಷಣದಲ್ಲಿಯೇ ಸಾರಸಂಖ್ಯೆಯನ್ನು ತೆಗೆದಿಟ್ಟು, ಸಹಿಯ ಕ್ಷಣದಲ್ಲಿ ಮತ್ತೆ ತಾಳೆ ನೋಡಬೇಕು. ನಡುವೆ ಯಾರಾದರೂ ಒಂದು ಅಕ್ಷರ ಬದಲಿಸಿದ್ದರೆ ಆ ಪತ್ರ ಕಟ್ಟಿನಿಂದ ಹೊರಬೀಳುತ್ತದೆ. 217ನೆಯ ಪತ್ರದಲ್ಲಿ ವಿದ್ಯುತ್ ಹೋದರೆ, ಮತ್ತೆ ಬಂದಾಗ 218ರಿಂದ ಮುಂದುವರಿಯಬೇಕೇ ಹೊರತು ಮೊದಲಿನ ಪತ್ರಗಳಿಗೆ ಎರಡೆರಡು ಸಹಿ ಬೀಳಬಾರದು. ಅಧಿಕಾರಿ ವರ್ಗವಾಗಿ ಹೋದರೆ ಪ್ರಭಾರದಲ್ಲಿರುವವರು ತಮ್ಮ ಕೀಲಿಯಿಂದಲೇ, ಪ್ರಭಾರವೆಂದು ನಮೂದಿಸಿಯೇ ಸಹಿ ಮಾಡಬೇಕು. ಹಳಬರ ಟೋಕನ್ ಆ ದಿನವೇ ನಿರುಪಯೋಗವಾಗಬೇಕು. ಕಾಲದ ಮುದ್ರೆಯನ್ನು ಮರೆಯುವವರು ಬಹಳ. ಅಧಿಕಾರಿಯ ಕೀಲಿಪತ್ರದ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಆದಾಯ ಪತ್ರ ಐದು ವರ್ಷ ಚಲಾವಣೆಯಲ್ಲಿರುತ್ತದೆ. ಸಹಿ ಹಾಕಿದ ಕ್ಷಣವನ್ನು ಮೂರನೆಯ ನಂಬಿಕಸ್ಥರ ಕಾಲಮುದ್ರೆಯಿಂದ ಕಡತದೊಳಗೇ ದಾಖಲಿಸದಿದ್ದರೆ, ಮೂರನೆಯ ವರ್ಷದಲ್ಲಿ ಸರಿಯಾದ ಪತ್ರವೇ ಅಮಾನ್ಯವೆಂದು ತೋರೀತು.

ನಮ್ಮ ಗುಂಪಿನ ತರುಣರೊಬ್ಬರು ಚಮತ್ಕಾರದ ಉಪಾಯವೊಂದನ್ನು ಸೂಚಿಸಿದರು. ಸಾರಸಂಖ್ಯೆಗಳನ್ನು ಎರಡೆರಡಾಗಿ ಕೂಡಿಸಿ, ಆ ಜೋಡಿಗಳನ್ನು ಮತ್ತೆ ಕೂಡಿಸಿ, ಮರದ ಕೊಂಬೆಗಳು ಕಾಂಡಕ್ಕೆ ಸೇರುವಂತೆ ಕೊನೆಗೆ ಒಂದೇ ಸಂಖ್ಯೆಗೆ ತಂದು, ಅದಕ್ಕೆ ಒಂದೇ ಒಂದು ಸಹಿ ಹಾಕುವುದು. ರಾಲ್ಫ್ ಮರ್ಕ್ಲ್ ಎಂಬವರು 1979ರಷ್ಟು ಹಿಂದೆಯೇ ಹೇಳಿದ ವಿಧಾನವಿದು. 1,024 ಪತ್ರಗಳಿದ್ದರೂ ಒಂದು ಪತ್ರದ ಸ್ಥಾನವನ್ನು ರುಜುವಾತುಪಡಿಸಲು ಹತ್ತೇ ಸಂಖ್ಯೆಗಳು ಸಾಕು. ಸುಂದರವಾದ ಗಣಿತ. ಆದರೂ ನಾವು ಬಿಟ್ಟೆವು. ಹಳ್ಳಿಯ ಬ್ಯಾಂಕಿನ ವ್ಯವಸ್ಥಾಪಕರು ತಮ್ಮಲ್ಲಿರುವ ಸಾಮಾನ್ಯ ಸಾಫ್ಟ್‌ವೇರಿನಲ್ಲಿ ಪತ್ರ ತೆರೆದಾಗ ಸಹಿ ಕಾಣಬೇಕು. ಬೇರೊಂದು ಕಡತವನ್ನು ಜೊತೆಗಿಟ್ಟು ಲೆಕ್ಕ ಮಾಡಿ ನೋಡಿರೆಂದು ಅವರಿಗೆ ಹೇಳುವಂತಿಲ್ಲ. ಒಂದೊಂದು ಪತ್ರವೂ ತನ್ನ ಕಾಲಿನ ಮೇಲೆ ನಿಲ್ಲಬೇಕು.

ಕನ್ನಡಿಗರಿಗೆ ವಿಶೇಷವಾದ ಒಂದು ತೊಡಕನ್ನು ಹೇಳಲೇಬೇಕು. ಬಹುಕಾಲ ನಮ್ಮ ಗಣಕ ಕನ್ನಡ, ಇಂಗ್ಲಿಷಿನ ಸಂಕೇತಗಳ ಮೇಲೆ ಕನ್ನಡದ ಅಚ್ಚನ್ನು ಹೊದಿಸಿದ ಕನ್ನಡವಾಗಿತ್ತು. 'ನುಡಿ', 'ಬರಹ'ಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಕಡತವನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಏನಾಗುತ್ತಿತ್ತೆಂಬುದನ್ನು ಇಂತಹ ವಾರ್ತಾಪತ್ರಿಕೆಗಳ ಸಂಪಾದಕರಾಗಿದ್ದವರೆಲ್ಲ ಬಲ್ಲರು. ಸಹಿ ಬೀಳುವುದು ಕಣ್ಣಿಗೆ ಕಾಣುವ ಅಕ್ಷರದ ಮೇಲಲ್ಲ, ಒಳಗಿನ ಸಂಕೇತದ ಮೇಲೆ. ಅಕ್ಷರವಿನ್ಯಾಸವನ್ನು ಕಡತದೊಳಗೇ ಅಡಕಗೊಳಿಸದಿದ್ದರೆ, ಅಧಿಕಾರಿ 'ಶ್ರೀನಿವಾಸ' ಎಂದು ಓದಿ ಸಹಿ ಮಾಡಿದ್ದು ಇನ್ನೊಬ್ಬರಿಗೆ ಅರ್ಥವಿಲ್ಲದ ರೇಖೆಗಳಾಗಿ ಕಾಣುತ್ತದೆ. ಸಹಿ ಮಾತ್ರ ಸರಿಯಾಗಿಯೇ ಇರುತ್ತದೆ!

ಯೂನಿಕೋಡ್ ಬಂದ ಮೇಲೂ ಸೂಕ್ಷ್ಮವೊಂದು ಉಳಿಯಿತು. 'ಕೊಪ್ಪ' ಎಂಬುದರ ಮೊದಲಕ್ಷರದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಹಾಗೂ ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಸಾರಸಂಖ್ಯೆಗಳು ಮಾತ್ರ ಸಂಪೂರ್ಣ ಬೇರೆ. ದತ್ತಾಂಶದಲ್ಲಿ ಒಂದು ರೀತಿ, ಪತ್ರದಲ್ಲಿ ಇನ್ನೊಂದು ರೀತಿ ಇದ್ದುದರಿಂದ, ತಾಳೆ ನೋಡುವ ನಮ್ಮ ಯಂತ್ರ ಒಂದು ಬೆಳಿಗ್ಗೆ ಕೊಪ್ಪ, ಕೊಳ್ಳೇಗಾಲ, ಸೊರಬದ ಹೆಸರುಗಳಿದ್ದ ಪತ್ರಗಳನ್ನೆಲ್ಲ ಅನುಮಾನಾಸ್ಪದವೆಂದು ಮುಂದೆ ತಂದು ಸುರಿಯಿತು. ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತಂದು ಅನಂತರ ಹೋಲಿಸಬೇಕೆಂದು ಅಂದು ಕಲಿತೆವು. ಇಂಗ್ಲಿಷಿನಲ್ಲಿ ಮಾತ್ರ ಯೋಚಿಸಿ ರಚಿಸಿದವರಿಗೆ ಇದು ತಿಳಿಯುವ ಸಂಭವ ಕಡಿಮೆ.

ಈಗ ನಮ್ಮ ನಿಮ್ಮ ಮನೆಯ ಮಾತು. ಊರಿನಿಂದ ಗಣಕ ಸಹಿಯ ಪತ್ರ ಬಂದರೆ ಮೂಲ ಪಿಡಿಎಫ್ ಕಡತವನ್ನೇ ತರಿಸಿ ಇಟ್ಟುಕೊಳ್ಳಿ. ಮುದ್ರಿಸಿದ ಕಾಗದದಲ್ಲಿ ಗಣಕ ಸಹಿ ಇರುವುದಿಲ್ಲ, ಅದರ ಚಿತ್ರ ಮಾತ್ರ ಇರುತ್ತದೆ. ಕಾಗದವನ್ನು ಮತ್ತೆ ಸ್ಕ್ಯಾನ್ ಮಾಡಿ ಕಳುಹಿಸಿದರೆ ಅದೂ ಚಿತ್ರವೇ. ತಂದೆತಾಯಿಯರ ಇ-ಆಧಾರ್ ಪತ್ರವನ್ನು ಅಡೋಬಿ ರೀಡರಿನಲ್ಲಿ ತೆರೆದಾಗ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡು ಗಾಬರಿಯಾದವರು ನಿಮ್ಮಲ್ಲಿರಬಹುದು. ಪತ್ರ ಖೋಟಾ ಎಂದು ಅದರ ಅರ್ಥವಲ್ಲ. ಭಾರತದ ನಿಯಂತ್ರಕರ ಮೂಲಕೀಲಿಯನ್ನು ನಿಮ್ಮ ಯಂತ್ರ ಇನ್ನೂ ನಂಬಿಲ್ಲವೆಂದಷ್ಟೇ ಅರ್ಥ. ಸಹಿಯ ವಿವರವನ್ನು ತೆರೆದು, ಮೂಲಕೀಲಿ ಭಾರತದ ನಿಯಂತ್ರಕರದೇ ಎಂದು ಖಚಿತಪಡಿಸಿಕೊಂಡು, ಒಮ್ಮೆ ನಂಬಿಕೆಯ ಪಟ್ಟಿಗೆ ಸೇರಿಸಿದರೆ ಹಸಿರು ಗುರುತು ಬರುತ್ತದೆ. ಕೆಂಪು ಗುರುತು ಬಂದರೆ ಮಾತ್ರ ನಿಜವಾಗಿ ಯೋಚಿಸಬೇಕು. ಕಡತ ಸಹಿಯಾದ ಮೇಲೆ ಬದಲಾಗಿರುವ ಸಾಧ್ಯತೆಯುಂಟು.

ಬೆಂಗಳೂರಿನಲ್ಲಿ ನಿವೇಶನವಿರುವವರಿಗೆ ಇನ್ನೊಂದು ಮಾತು. 2024ರ ಅಕ್ಟೋಬರಿನಿಂದ ಆಸ್ತಿಯ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಖಾತಾಗಳನ್ನು ಅಂತರಜಾಲದಲ್ಲಿ ತೆರೆದಿಟ್ಟಿತು. ಅಂತಹ ಸಂಖ್ಯೆಯಲ್ಲಿ ತಯಾರಾದ ಪತ್ರಗಳಲ್ಲಿ ಹೆಸರಿನ ಕಾಗುಣಿತವನ್ನೂ ಅಳತೆಯನ್ನೂ ಮೊದಲು ಓದುವವರು ನೀವೇ ಆಗಿರಬೇಕು. ಕರಡಿನಲ್ಲಿಯೇ ತಿದ್ದಿಸಿಕೊಳ್ಳುವುದು ಸುಲಭ. ಮೇಲೆ ಹೇಳಿದ ಒಂದು ಸೊನ್ನೆಯ ಕಥೆಯನ್ನು ನೆನೆಯಿರಿ.

ಎಲ್ಲವೂ ಗಣಕಕ್ಕೆ ಬಂದಿಲ್ಲವೆಂಬುದನ್ನೂ ಮರೆಯಬಾರದು. ಭಾರತದ ಅಧಿನಿಯಮ ಮರಣಶಾಸನವನ್ನು ಇಂದಿಗೂ ಹೊರಗಿಟ್ಟಿದೆ. ಪವರ್ ಆಫ್ ಅಟಾರ್ನಿ, ಅಂದರೆ ಮುಖ್ತ್ಯಾರುನಾಮೆಯ ವಿಷಯದಲ್ಲಿ 2022ರ ತಿದ್ದುಪಡಿ ಕೆಲವು ಹಣಕಾಸು ಸಂಸ್ಥೆಗಳ ಮಟ್ಟಿಗೆ ಸಡಿಲಿಕೆ ಕೊಟ್ಟಿತಾದರೂ, ನಾವು ಊರಿನ ತಮ್ಮನಿಗೋ ಭಾವನಿಗೋ ಬರೆದುಕೊಡುವುದಕ್ಕೆ ಅದು ಅನ್ವಯಿಸದು. ಹ್ಯಾರೋ-ಆನ್-ದ-ಹಿಲ್ ನಿಲ್ದಾಣದಲ್ಲಿ ಮೆಟ್ರೊಪಾಲಿಟನ್ ರೈಲು ಹತ್ತಿ ಆಲ್ಡ್‌ವಿಚ್‌ನ ಇಂಡಿಯಾ ಹೌಸಿಗೆ ಹೋಗಿ, ಅಧಿಕಾರಿಯ ಎದುರಿಗೆ ಶಾಯಿಯಲ್ಲಿ ಸಹಿ ಮಾಡಿ ಬಂದ ಅನುಭವ ನಮ್ಮಲ್ಲಿ ಹಲವರಿಗಿದೆ. ಆ ಪತ್ರ ಕರ್ನಾಟಕವನ್ನು ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕೆಂಬುದನ್ನು ಮರೆತು ಕಷ್ಟಕ್ಕೆ ಸಿಲುಕಿದವರೂ ಇದ್ದಾರೆ.

ಕೊನೆಯದಾಗಿ, ಸಾಧನದ ವಿಷಯಕ್ಕೇ ಮರಳಿ, ನಮಗೆ ಅತ್ಯಂತ ಹೆಚ್ಚು ಕಲಿಸಿದ ಒಂದು ಸಣ್ಣ ಗುಂಡಿಯ ಮಾತು. ಪತ್ರದಲ್ಲಿ ತಪ್ಪು ಕಂಡರೆ ಅಧಿಕಾರಿ ಅದನ್ನು ಗ್ರಾಮಲೆಕ್ಕಿಗರಿಗೆ ಹಿಂದಿರುಗಿಸಬಹುದಾಗಿತ್ತು. ಹಿಂದಿರುಗಿಸಬೇಕಾದರೆ ಬೇರೊಂದು ಪರದೆ ತೆರೆದು, ಕಾರಣವನ್ನು ಕನ್ನಡದಲ್ಲಿ ಬೆರಳಚ್ಚು ಮಾಡಬೇಕಿತ್ತು. ಬಹುಪಾಲು ಅಧಿಕಾರಿಗಳಿಗೆ ಕನ್ನಡ ಬೆರಳಚ್ಚು ರೂಢಿಯಿಲ್ಲ. ಸಹಿ ಹಾಕಲು ಒಂದು ಒತ್ತು ಸಾಕು, ಹಾಕದಿರಲು ಎರಡು ನಿಮಿಷ ಬೇಕು. ಹೀಗಾಗಿ ಸಂದೇಹ ಬಂದವುಗಳಿಗೂ ಸಹಿ ಬೀಳುತ್ತಿತ್ತು. 'ಆದಾಯ ತಾಳೆಯಾಗಿಲ್ಲ', 'ಹೆಸರು ಸರಿಪಡಿಸಿ', 'ವರದಿ ಅಪೂರ್ಣ', 'ನನ್ನೊಡನೆ ಮಾತನಾಡಿ' ಎಂಬ ನಾಲ್ಕು ಸಿದ್ಧ ಕಾರಣಗಳನ್ನು ಸಹಿಯ ಗುಂಡಿಯ ಪಕ್ಕದಲ್ಲಿಯೇ ಇಟ್ಟೆವು. ಹಿಂದಿರುಗಿಸಿದ ಪತ್ರಕ್ಕೆ 'ಸಕಾಲ'ದ ಗಡುವು ಎಷ್ಟು ಉಳಿದಿದೆಯೆಂಬುದೂ ಅಲ್ಲಿಯೇ ಕಾಣುವಂತೆ ಮಾಡಿದೆವು. ಆ ಬದಲಾವಣೆಯಾದ ವಾರ, ಡ್ರಾಯರಿನಲ್ಲಿ ಟೋಕನ್ ಇಟ್ಟಿದ್ದ ಅದೇ ಅಧಿಕಾರಿ ಒಂದು ಕಟ್ಟಿನಿಂದ ಹದಿನಾಲ್ಕು ಪತ್ರಗಳನ್ನು ಹಿಂದಕ್ಕೆ ಕಳುಹಿಸಿದರು. ಹನ್ನೊಂದರಲ್ಲಿ 'ನನ್ನೊಡನೆ ಮಾತನಾಡಿ' ಎಂದಿತ್ತು.